ಟೆರೇಸಿಗೆ ಬೀಗ ಬಿದ್ದ ಮೇಲೆ

ಜತ,
14 ಅಕ್ಟೋಬರ್ 2025, ಮಂಗಳವಾರ

ನನ್ನ ವಿಜೂ,

ನೀನೂ ಮಹಾಂತನೂ ಪುಣೆಯಲ್ಲಿ ನೆಮ್ಮದಿಯಿಂದ ಇದ್ದೀರೆಂದು ತಿಳಿದು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಒಲೆ ನೋಡಿ ಬಂದೆ, ಕಿಟಕಿಗೆ ಹೋಗಿ ಬಂದೆ, ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ನೋಡಿ ಬಂದೆ. ತೆರೆದೇ ಇತ್ತು. ಹಾಗೇ ಬಿಟ್ಟು ಬಂದು ಕುಳಿತಿದ್ದೇನೆ.

ಭಾನುವಾರ ನೀನು ಫೋನ್ ಮಾಡಿ, ದೀಪಾವಳಿಗೆ ಬರುತ್ತೇವೆ, ಸಾಮಾನು ಕಟ್ಟಿಡು, ಹೋಗುವಾಗ ನಿನ್ನನ್ನು ಕರೆದುಕೊಂಡೇ ಹೋಗುತ್ತೇವೆ ಅಂದೆ. ಆಮೇಲೆ ದನಿ ಸಣ್ಣದು ಮಾಡಿ, "ಅವ್ವಾ, ಆ ಮನಷಾಗ ನೀ ಏನರ ಮಾತ ಕೊಟ್ಟೀಯೇನು?" ಎಂದು ಕೇಳಿದೆ. ನಾನು ಫೋನ್ ಇಟ್ಟುಬಿಟ್ಟೆ. ರೇಂಜ್ ಹೋಯಿತೆಂದು ನೀನು ತಿಳಿದಿರಬಹುದು. ರೇಂಜ್ ಇತ್ತು. ಬಿಲ್ಡಿಂಗಿನ ಎದುರಿಗೇ ಟವರ್ ಇರುವಾಗ ರೇಂಜ್ ಎಲ್ಲಿಗೆ ಹೋಗುತ್ತದೆ. ಆದರೆ ನಿನ್ನ ಬೆನ್ನಹಿಂದೆ ಮಹಾಂತ ನಿಂತಿದ್ದನೆಂದು ನನಗೆ ತಿಳಿಯುತ್ತಿತ್ತು. ನನ್ನ ಬೆನ್ನಿಗೆ ಗೋಡೆ, ಗೋಡೆಯಾಚೆ ಪಕ್ಕದ ಮನೆಯ ಸುಮನಬಾಯಿಯ ಕಿವಿ. ಅಂಥ ಕಡೆ ಅರ್ಧ ಮಾತಾಡಿ ಅರ್ಧ ನುಂಗಿದರೆ ನೀನು ಆ ಅರ್ಧವನ್ನೇ ಹಿಡಿದು ಅಳುತ್ತೀಯೆ. ಅದಕ್ಕೆ ಪತ್ರ. ನೀನು ಒಬ್ಬಳೇ ಇದ್ದಾಗ ಓದು.

ನಿನ್ನ ಅಪ್ಪ ಎದೆನೋವು ಬಂದು ಹೋದಮೇಲೆ ನಾನು ಉಟಗಿಯಲ್ಲಿ ಎರಡು ಬೇಸಿಗೆ ಕಳೆದೆ. ನಿನ್ನ ಕಾಕಾಗಳು ಕೆಟ್ಟವರಲ್ಲ. ಆದರೆ ಅವರ ಸೊಸೆಯರು ಬಂದಮೇಲೆ ಆ ಮನೆಯಲ್ಲಿ ನಾನು ಎಲ್ಲಿ ಕುಳಿತರೂ ಯಾರದೋ ದಾರಿಗೆ ಅಡ್ಡ ಕುಳಿತಂತೆ ಆಗುತ್ತಿತ್ತು. ಅದನ್ನು ಕಂಡೇ ಮಹಾಂತ, ಜತದಲ್ಲಿ ತೆಗೆದುಕೊಂಡ ಫ್ಲ್ಯಾಟು ಖಾಲಿ ಬಿದ್ದಿದೆ, ಅತ್ತಿ ಅಲ್ಲಿರಲಿ ಅಂದ. ಆ ಉಪಕಾರ ಮರೆತಿಲ್ಲ. ಅವನಿಗೆ ಹೇಳು.

ಆದರೆ ಬಂದ ಹೊಸತರಲ್ಲಿ ನಾನು ಹೇಗಿದ್ದೆನೆಂದು ನಿನಗೆ ಹೇಳಿರಲಿಲ್ಲ. ಮೂರನೆಯ ಮಜಲು, ಬಾಗಿಲು ತೆರೆದರೆ ಎದುರಿಗೆ ಮತ್ತೊಂದು ಮುಚ್ಚಿದ ಬಾಗಿಲು. ಕೆಳಗೆ ಬಟ್ಟೆಯ ಅಂಗಡಿ, ಮೊಬೈಲ್ ಅಂಗಡಿ, ಔಷಧದ ಅಂಗಡಿ. ಅದರಾಚೆ ಎಸ್ಟಿ ಬಸ್ಸುಗಳ ಸ್ಟ್ಯಾಂಡು. ಬೆಳಗಾದರೆ ಸಾಂಗಲಿ, ಮಿರಜ, ಪಂಢರಪುರ ಎಂದು ಮೈಕಿನಲ್ಲಿ ಕೂಗುವುದು ನೇರ ಅಡಿಗೆಮನೆಗೆ ಬರುತ್ತಿತ್ತು. ಊರು ಊರೇ ಹೊರಟಿದೆ, ನಾನೊಬ್ಬಳೇ ಉಳಿದಿದ್ದೇನೆ ಅನ್ನಿಸುತ್ತಿತ್ತು. ಕೊತ್ತಂಬರಿಗೆ ಒಮ್ಮೆ ಇಳಿಯುತ್ತಿದ್ದೆ, ಹಸಿಮೆಣಸಿನಕಾಯಿಗೆ ಇನ್ನೊಮ್ಮೆ. ಎರಡನ್ನೂ ಒಮ್ಮೆಗೇ ತಂದರೆ ಮತ್ತೆ ಇಳಿಯಲು ನೆಪ ಬೇಕಲ್ಲ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಉಟಗಿಯ ಬಸ್ಸು ಹೊರಡುವುದನ್ನು ನೋಡುತ್ತಿದ್ದೆ. ಹತ್ತಬೇಕೆಂದು ಏಳುತ್ತಿದ್ದೆ. ಹತ್ತಿ ಎಲ್ಲಿ ಇಳಿಯಲಿ ಎಂದು ಮತ್ತೆ ಕೂಡುತ್ತಿದ್ದೆ.

ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಕಡಕ ರೊಟ್ಟಿ ಮಾಡಿಕೊಡಲು ಹಿಡಿದ ಮೇಲೆ ಕೈಗಾದರೂ ಕೆಲಸ ಬಂತು. ಮೊದಲ ದಿನವೇ ತಟ್ಟುವ ಸಪ್ಪಳ ಕೇಳಿ ಕೆಳಗಿನ ಮನೆಯವರು ಹತ್ತಿ ಬಂದು, ಫರ್ನಿಚರ್ ಕೆಲಸ ಎಷ್ಟು ದಿನ ನಡೆಯುತ್ತದೆ ಎಂದು ಮರಾಠಿಯಲ್ಲಿ ಕೇಳಿದರು. ನಾನು ಹಿಟ್ಟಿನ ಕೈ ತೋರಿಸಿದೆ. ಅವರೂ ನಕ್ಕರು, ನಾನೂ ನಕ್ಕೆ. ಮರುದಿನದಿಂದ ಕೌದಿ ಮಡಿಸಿ ಹಾಕಿ ಅದರ ಮೇಲೆ ಕೊಣಮಿಗೆ, ಆ ಮರದ ಹರಿವಾಣ, ಇಟ್ಟು ತಟ್ಟಿದೆ. ಆ ನಗು ಅಲ್ಲಿಗೇ ಮುಗಿಯಿತು. ಲಿಫ್ಟಿನಲ್ಲಿ ಸಿಕ್ಕರೆ ಎಲ್ಲರೂ ಅಂಕಿ ನೋಡುತ್ತಾರೆ, ಮುಖ ನೋಡುವುದಿಲ್ಲ.

ಬಾಳಾಸಾಹೇಬರು ಸಿಕ್ಕಿದ್ದು ಟೆರೇಸಿನ ಮೇಲೆ. ನಾಲ್ಕನೆಯ ಮಜಲಿನವರು, ಎಸ್ಟಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ನಾನು ಸಂಡಿಗೆ ತೆಗೆಯಲು ಸಂಜೆ ಮೇಲೆ ಹೋದರೆ ಅವರು ನೀರಿನ ಟಾಕಿಯಿಂದ ಆ ಗೋಡೆ, ಆ ಗೋಡೆಯಿಂದ ಟಾಕಿ ಎಂದು ನಡೆಯುತ್ತಿದ್ದರು. ಕಿವಿಯಲ್ಲಿ ಫೋನು, ಸೊಲ್ಲಾಪುರದ ಮಗಳ ಜೊತೆ ಮಾತು. ಮಾತು ನಮ್ಮ ಕನ್ನಡ. "ಹಂಗಲ್ಲ ತಂಗಿ, ಲಗೂನ ದವಾಖಾನಿಗೆ ತೋರಸು," ಅನ್ನುತ್ತಿದ್ದರು. ಈ ಬಿಲ್ಡಿಂಗಿನಲ್ಲಿ ನನ್ನ ಬಾಯಿಯನ್ನು ಬಿಟ್ಟು ಬೇರೆ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು. ಸಂಡಿಗೆ ಬಿಟ್ಟು ನಿಂತುಬಿಟ್ಟೆ. ಫೋನ್ ಮುಗಿದ ಮೇಲೆ ಯಾವ ಊರಿನವರೆಂದು ಕೇಳಿದೆ. ಅಸಂಗಿ ಅಂದರು. ಯಾಕೆ ಇಷ್ಟು ನಡೆಯುತ್ತೀರಿ ಅಂದರೆ, ಓಡುವ ಬಸ್ಸಿನಲ್ಲಿ ಜೀವಮಾನ ನಿಂತವನಿಗೆ ನಿಂತ ಮನೆಯಲ್ಲಿ ಕೂಡಲು ಬರುವುದಿಲ್ಲ ಎಂದು ಹೇಳಿದರು.

ನನ್ನಂಥವರು ಇನ್ನೊಬ್ಬರಿದ್ದಾರೆ ಎಂದು ಅಂದು ನನಗೆ ಎಷ್ಟು ಹಗುರವಾಯಿತೆಂದರೆ, ಸಂಡಿಗೆಯನ್ನು ಅಲ್ಲೇ ಮರೆತು ಬಂದೆ. ಅವರು ಡಬ್ಬಿಯಲ್ಲಿ ತುಂಬಿ ನಮ್ಮ ಬಾಗಿಲ ಹೊರಗೆ ಇಟ್ಟು ಹೋಗಿದ್ದರು. ಗಂಟೆ ಒತ್ತಿರಲಿಲ್ಲ.

ಆ ಡಬ್ಬಿ ಕೊಡಲು ನಾನು ಮೇಲೆ ಹೋದೆ. ಎದುರು ಗೋಡೆಯ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೆ. ಯಾಕೆ ನಿಂತೆನೆಂದು ಅವರಿಗೆ ತಿಳಿಯಿತು. ಅವರು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಳಗೆ ಹೋಗಿ ಫ್ಯಾನ್ ಹಚ್ಚಿ ತಮ್ಮ ಪಾಡಿಗೆ ಪೇಪರು ಮಡಿಸುತ್ತ ನಿಂತರು. ನಾನು ಒಳಗೆ ಹೋದೆ.

ಆಮೇಲೆ ಸಂಜೆ ಸಂಜೆ ಟೆರೇಸು. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ನಡೆಯುವುದು, ನಡುವೆ ಎದುರಾದಾಗ ಎರಡು ಮಾತು. ಮುಂದೆ ಮುಂದೆ ಇಬ್ಬರೂ ಒಂದೇ ಕಡೆಗೆ ನಡೆಯತೊಡಗಿದೆವು. ಬಸ್ಸಿನಲ್ಲಿ ಹೆರಿಗೆಯಾದ ಕಥೆ, ಟಗರಿಗೆ ಟಿಕೀಟು ತೆಗೆಯೆಂದು ಜಗಳವಾದ ಕಥೆ, ಎಷ್ಟು ಹೇಳಿದರೂ ಮುಗಿಯದು. ನಾನೂ ನಿನ್ನ ಅಪ್ಪನ ವಿಷಯ ಹೇಳಿದೆ. ಕುರಿ ಮೇಯಿಸಲು ಹೋಗಿ ತಿಂಗಳುಗಟ್ಟಲೆ ಬರದೆ, ಬಂದ ದಿನ ಅಂಗಳದಲ್ಲಿ ನಿಂತು ನೀರು ಕೇಳುತ್ತಿದ್ದುದನ್ನು ಹೇಳಿದೆ. ಅವರು ಕೇಳಿದರು. ಸತ್ತವರ ಮಾತು ಬಂದಾಗ ಬೇಗ ಬೇರೆ ಮಾತಿಗೆ ಹೊರಳುವವರೇ ಹೆಚ್ಚು. ಅವರು ಹೊರಳಲಿಲ್ಲ.

ಆಷಾಢದಲ್ಲಿ ಅವರಿಗೆ ಜ್ವರ ಹಿಡಿಯಿತು. ಎರಡು ಸಂಜೆ ಟೆರೇಸಿಗೆ ಬರಲಿಲ್ಲ. ನಾನು ಬಾಗಿಲು ಬಡಿದೆ. ತೆರೆದವರು ಅಲ್ಲೇ ಗೋಡೆ ಹಿಡಿದು ಕುಸಿದರು. ಅಕ್ಕಪಕ್ಕದ ಎರಡು ಬಾಗಿಲು ಬಡಿದೆ. ಒಳಗೆ ಟೀವಿಯ ಸಪ್ಪಳ ಸಣ್ಣದಾಯಿತು, ಬಾಗಿಲು ತೆರೆಯಲಿಲ್ಲ. ನಾನೇ ಅವರನ್ನು ಲಿಫ್ಟಿನಲ್ಲಿ ಇಳಿಸಿ ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆ. ಡೆಂಗಿ ಅಂದರು. ಅಲ್ಲಿದ್ದಷ್ಟು ದಿನವೂ ಬೆಳಗ್ಗೆ ರೊಟ್ಟಿ ಮುಗಿಸಿ ಹೋಗುತ್ತಿದ್ದೆ, ಸೊಲ್ಲಾಪುರದಿಂದ ಮಗಳು ಬಂದ ಮೇಲೆ ಗಂಜಿ ಕೊಟ್ಟು ಬರುತ್ತಿದ್ದೆ. ನರ್ಸ್ ಒಬ್ಬಳು, ನೀವು ಪೇಶಂಟಿಗೆ ಏನಾಗಬೇಕು ಎಂದು ಕೇಳಿದಳು. ನಾನು ಶೇಜಾರಿ ಅಂದೆ, ನೆರೆಯವಳು ಎಂದು. ಆಕೆ ನನ್ನ ಕೈಲಿದ್ದ ಗಂಜಿಯ ಬಟ್ಟಲು ನೋಡಿದಳು.

ಅವರು ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ಟಾಕಿಯ ಹತ್ತಿರ ನಿಂತು, "ಮಂಗಲಾಬಾಯಿ, ಆ ನರ್ಸ್ ಕೇಳಿದ್ದಕ್ಕ ಮುಂದಿನ ಸಲ ಬ್ಯಾರೆ ಉತ್ತರಾ ಕೊಡೂಣೇನ್ರಿ?" ಎಂದು ಕೇಳಿದರು.

ವಿಜೂ, ನಾನು ಸೀದಾ ಮೆಟ್ಟಿಲು ಇಳಿದೆ. ನಮ್ಮ ಮನೆ ಬಂತು, ಅದನ್ನೂ ದಾಟಿ ಇಳಿದೆ. ಬಜಾರಕ್ಕೆ ಹೋದೆ, ಸ್ಟ್ಯಾಂಡಿಗೆ ಹೋದೆ, ಬಳೆ ಅಂಗಡಿಯ ಓಣಿಯಲ್ಲಿ ಯಾಕೆ ಬಂದೆನೆಂದು ತಿಳಿಯದೆ ನಿಂತೆ. ಅಂಗಡಿಯವಳು ಯಾವ ಬಣ್ಣ ತೋರಿಸಲಿ ಅಂದಳು. ಓಡಿದಂತೆ ಹಿಂದಿರುಗಿದೆ. ಈ ವಯಸ್ಸಿನಲ್ಲಿ ಎದೆ ಹಾಗೆ ಬಡಿದುಕೊಳ್ಳಬಾರದು. ನಿನ್ನ ಅಪ್ಪನಂತೆ ನನಗೂ ಏನೋ ಆಯಿತೆಂದು ಹೆದರಿ ಒಂದು ಲೋಟ ನೀರು ಕುಡಿದು ಕುಳಿತೆ. ಕೂಡಲಾಗದೆ ಮತ್ತೆ ಎದ್ದೆ.

ಇನ್ನು ನಮ್ಮ ಬಿಲ್ಡಿಂಗಿನ ಸೊಸಾಯಟಿ ಸಭೆಯ ವಿಷಯ. ಅದನ್ನು ಸೆಕ್ರೆಟರಿ ತುಕಾರಾಮ ಶೇಠ ತನಗೆ ಬೇಕಾದ ಹಾಗೆ ಮಹಾಂತನಿಗೆ ಹೇಳಿದ್ದಾನೆ. ಈಗ ನನ್ನಿಂದ ಕೇಳು.

ಗಣಪತಿ ಕೂಡಿಸುವ ಮುಂಚೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಎಲ್ಲರನ್ನೂ ಕರೆದಿದ್ದರು. ಮಂಟಪ ಎಲ್ಲಿ, ಪ್ರಸಾದ ಏನು ಎಂಬ ಮಾತು ಮುಗಿಯಿತು. ಎಲ್ಲರೂ ಇನ್ನೇನು ಏಳಬೇಕು, ಆಗ ಶೇಠ, ಇನ್ನು ಮುಂದೆ ಸಂಜೆ ಟೆರೇಸಿನ ಬಾಗಿಲಿಗೆ ಬೀಗ ಹಾಕುವುದು ಅಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ನನ್ನ ಕಡೆ ಬಂದು ನೆಲಕ್ಕೆ ಹೋದವು. ಹೆಣ್ಣುಮಕ್ಕಳು ಓಡಾಡುವ ಬಿಲ್ಡಿಂಗು, ಒಂದು ಮರ್ಯಾದೆ ಇರಬೇಕು ಅಂದ. ಸುಮನಬಾಯಿ ನನ್ನ ಕೈ ಹಿಡಿದು, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಅಂದಳು. ಬಾಳಾಸಾಹೇಬರು ಎದ್ದು, ಟೆರೇಸು ಎಲ್ಲರದು, ಬೀಗ ಹಾಕುವುದಾದರೆ ಕಾರಣ ಬಾಯಿಬಿಟ್ಟು ಹೇಳಿ ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಕೇಳಿದರು. ಶೇಠ ಅವರ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲೇ, "ಬಾಯಿ, ನಿಮ್ಮ ಮಂದಿ ಯಾರು, ಅವರ ಮಂದಿ ಯಾರು, ನೀವರ ನೋಡಬೇಕಿಲ್ಲೇನ್ರಿ?" ಅಂದ.

ಆಗ ಗೊತ್ತಾಯಿತು ವಿಜೂ, ವಿಧವೆಯ ಮನೆಗೆ ಗಂಡಸು ಬಂದದ್ದಷ್ಟೇ ಅಲ್ಲ, ಅವರ ಜಾತಿಯೂ ಇವರನ್ನು ಚುಚ್ಚಿತ್ತು. ಬೇರೆ ಯಾರಾದರೂ ಬಂದಿದ್ದರೆ ಸೊಸಾಯಟಿ ಕಿಲಕಿಲ ನಕ್ಕು ಸುಮ್ಮನಾಗುತ್ತಿತ್ತು.

ನಾನು ಎದ್ದು ಮಾತಾಡಹೋದರೆ, ಫ್ಲ್ಯಾಟು ನಿಮ್ಮ ಹೆಸರಲ್ಲಿಲ್ಲ, ನೀವು ಮೆಂಬರ್ ಅಲ್ಲ ಅಂದ. ಅದು ನಿಜ. ನಿಂತುಕೊಂಡೇ ಹೇಳಿದೆ: "ಮೆಂಬರ್ ಅಲ್ಲ ಖರೆ. ನಾ ಅವರ ಮನೀಗೆ ಹೋಗತೀನಿ, ಅವರು ನಮ್ಮ ಮನೀಗೆ ಬರತಾರ. ಬಾಗಲಾ ತೆರದಿರತೈತಿ. ಯಾರರ ಬಂದು ನೋಡಬಹುದು." ಹೇಳಿ, ನನ್ನ ಕುರ್ಚಿಯನ್ನು ನಾನೇ ಗೋಡೆಗೆ ಸರಿಸಿಟ್ಟು ಮೇಲೆ ಬಂದೆ.

ಅಂದೇ ಮಹಾಂತನ ಫೋನು ಬಂತು. ಅವನು ದನಿ ಎತ್ತಲಿಲ್ಲ, ಅದು ಅವನ ದೊಡ್ಡತನ. ಆದರೆ "ಅತ್ತೀ, ನಾಳೆ ನಮ್ಮ ಅಣ್ಣತಮ್ಮರ ಮುಂದ ನಾ ಹೆಂಗ ಕೂಡಲ್ರಿ?" ಎಂದು ಕೇಳಿದ. ಪುಣೆಗೆ ಬನ್ನಿ, ಫ್ಲ್ಯಾಟು ಬಾಡಿಗೆಗೆ ಕೊಡೋಣ ಅಂದ. ಗಣಪತಿಯಾಗಲಿ ಅಂದೆ, ಆಮೇಲೆ ದಸರೆಯಾಗಲಿ ಅಂದೆ. ಯಾಕೆ ಮುಂದೂಡುತ್ತಿದ್ದೆನೆಂದು ನಿನಗೆ ಅನುಮಾನ ಬಂದದ್ದು ಸಹಜ.

ಟೆರೇಸಿಗೆ ಬೀಗ ಬಿತ್ತು. ನಾವು ರಸ್ತೆಗಿಳಿದೆವು. ಬೇರೆಲ್ಲಿ ನಡೆಯುವುದು? ಸ್ಟ್ಯಾಂಡಿನ ಮುಂದಿನಿಂದ ಹಣ್ಣಿನ ಗಾಡಿಗಳನ್ನು ದಾಟಿ, ಬಜಾರದ ಓಣಿ ಹಿಡಿದು, ಹಳೆಯ ಗೋದಾಮಿನ ಹಿಂದೆ ಸುತ್ತಿ ಮತ್ತೆ ಬಿಲ್ಡಿಂಗಿಗೆ. ಮೇಲಿದ್ದಾಗ ಬಿಲ್ಡಿಂಗಿನ ಮಂದಿ ಅಷ್ಟೇ ನೋಡುತ್ತಿದ್ದರು, ಈಗ ಇಡೀ ಪೇಟೆ ನೋಡಿತು. ಒಂದು ವಾರ ಎಲ್ಲರೂ ತಿರುತಿರುಗಿ ನೋಡಿದರು. ಆಮೇಲೆ ಪೇರಲಹಣ್ಣಿನ ಗಾಡಿಯವಳು, ಇಂದು ಯಾಕೆ ತಡವಾಯಿತು ಎಂದು ಕೇಳಲು ಶುರುಮಾಡಿದಳು. ಪೇಟೆಗೆ ಅದರದೇ ಕೆಲಸ ಬಹಳ ಇರುತ್ತದೆ. ಬಿಲ್ಡಿಂಗಿಗೆ ಇರುವುದಿಲ್ಲ.

ಆದರೂ ಒಳಗಿನ ಕುದಿ ಇಳಿಯಲಿಲ್ಲ. ಒಂದು ಗಳಿಗೆ ಹೂಂ, ಇನ್ನೊಂದು ಗಳಿಗೆ ಬೇಡ. ಉಟಗಿಯವರು ಏನಂದಾರು, ನಿನ್ನ ಅತ್ತೆಯ ಮನೆಯಲ್ಲಿ ನಿನ್ನನ್ನು ಏನಂದಾರು. ಕಡೆಗೆ ಜೀಪು ಹಿಡಿದು ಬಾಲಗಾಂವಕ್ಕೆ, ನನ್ನ ಅವ್ವನ ಹತ್ತಿರ ಹೋದೆ.

ನಿನ್ನ ಆಯಿ ಹಾಲವ್ವ ಕೊಟ್ಟಿಗೆಯ ಮುಂದೆ ಕುಳಿತು ಕುರಿಮರಿಯ ಕಿವಿಯಿಂದ ಉಣ್ಣಿಹುಳ ಕೀಳುತ್ತಿದ್ದಳು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಆಕೆಗೆ ನಿನ್ನ ಮುತ್ಯಾ ಮೊದಲ ಗಂಡನಲ್ಲ. ಹದಿನೆಂಟರಲ್ಲಿ ಗಂಡ ಸತ್ತ, ಆಮೇಲೆ ನಿನ್ನ ಮುತ್ಯಾ ಸೀರೆ ತಂದು ಉಡಿಕಿ ಮಾಡಿಕೊಂಡ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಈಗೀಗ ಶಾಣ್ಯಾರಾಗಿ ಅದನ್ನು ಬಿಟ್ಟಿದ್ದೇವೆ. ಅದಕ್ಕೆ ಆಕೆಯ ಮುಂದೆ ನನಗೆ ಬಾಯಿ ತೆರೆಯಲು ನಾಚಿಕೆಯಾಗಲಿಲ್ಲ. ಎಲ್ಲ ಹೇಳಿದೆ. ಆಕೆ ಮರಿ ಬಿಡದೆ ಕೇಳಿದಳು.

"ನಿನಗ ಬಿಟ್ಟು ಉಣ್ಣತಾನೇನು?" ಅಂದಳು. ಇಲ್ಲ, ಕಾಯುತ್ತಾರೆ ಅಂದೆ. ಸಿಟ್ಟು ಬಂದರೆ ಏನು ಮಾಡುತ್ತಾನೆ ಅಂದಳು. ಚಪ್ಪಲಿ ಮೆಟ್ಟಿ ನಡೆಯಲು ಹೋಗುತ್ತಾರೆ ಅಂದೆ. ಹೂಂ ಎಂದು ಗೋಣು ಹಾಕಿದಳು. ಆಮೇಲೆ ಯಾವ ಮಂದಿ ಎಂದು ಕೇಳಿದಳು. ಹೇಳಿದೆ.

ಕೈ ನಿಂತಿತು. ಮರಿ ಬಿಡಿಸಿಕೊಂಡು ತಾಯಿಯ ಹತ್ತಿರ ಓಡಿತು. ಅದು ಹೋದ ಕಡೆಗೇ ನೋಡುತ್ತ ಆಕೆ ಅಂದದ್ದು ಇಷ್ಟು: "ಉಡಿಕಿ ಅಂದ್ರ ನಮ್ಮ ನಮ್ಮೊಳಗ. ಇದು ಬ್ಯಾರೆ. ನನ್ನ ಬಾಯಿಲೆ ಹೂಂ ಅನಸಬ್ಯಾಡ ಮಂಗಲಾ. ಬ್ಯಾಡ ಅಂತನೂ ನಾ ಅನ್ನಂಗಿಲ್ಲ."

ಆ ಮಾತು ಹೊತ್ತುಕೊಂಡು ಜೀಪಿನಲ್ಲಿ ಹಿಂದಿರುಗಿದೆ. ದಾರಿಯುದ್ದಕ್ಕೂ ಆಕೆಯ ಮೇಲೆ ಸಿಟ್ಟಿತ್ತು. ಜತದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಸಿಟ್ಟು ಇರಲಿಲ್ಲ. ಎಪ್ಪತ್ತು ದಾಟಿದವಳು, ತನಗೆ ಆಗದ್ದನ್ನು ಆಗುತ್ತದೆ ಎಂದು ಸುಳ್ಳು ಹೇಳಲಿಲ್ಲ, ನನ್ನನ್ನು ಕಟ್ಟಿಹಾಕಲೂ ಇಲ್ಲ. ನಾನು ನಿನ್ನ ವಿಷಯದಲ್ಲಿ ಅಷ್ಟಾದರೂ ಮಾಡಿದ್ದೇನೆಯೇ ಎಂದು ಯೋಚಿಸಿದೆ.

ಹೀಗಾಗಿ ವಿಜೂ, ನಾನು ಪುಣೆಗೆ ಬರುವುದಿಲ್ಲ. ನಿಮ್ಮ ಮೇಲಿನ ಮುನಿಸಿನಿಂದ ಅಲ್ಲ. ಅಲ್ಲಿಯೂ ಒಂದು ಬಿಲ್ಡಿಂಗು, ಅಲ್ಲಿಯೂ ಒಂದು ಕಿಟಕಿ. ನೀವಿಬ್ಬರೂ ಡ್ಯೂಟಿಗೆ ಹೋದಮೇಲೆ ನಾನು ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡಬೇಕು. ನನಗೆ ಈ ಪೇಟೆ ರೂಢಿಯಾಗಿದೆ. ಖಾನಾವಳಿಯವರು ದೀಪಾವಳಿಗೆ ಹೆಚ್ಚು ರೊಟ್ಟಿ ಹೇಳಿದ್ದಾರೆ.

ಫ್ಲ್ಯಾಟನ್ನು ಬಾಡಿಗೆಗೆ ಕೊಡಿ. ನಾನು ಖಾಲಿ ಮಾಡಿ, ಗುಡಿಸಿ ಒರಸಿದ್ದೇನೆ. ಬಚ್ಚಲಿನ ನಳ ಸೋರುತ್ತಿತ್ತು, ಸರಿಮಾಡಿಸಿದೆ. ನಿನ್ನ ಮದುವೆಯ ಪಾತ್ರೆಗಳು ಅಟ್ಟದ ಮೇಲೆ ಹಾಗೇ ಇವೆ. ಕೀಲಿ ಸುಮನಬಾಯಿಯ ಕೈಯಲ್ಲಿದೆ. ನಾನು ಕೊಡುವಾಗ ಆಕೆ, ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದು ಕಣ್ಣಲ್ಲಿ ನೀರು ತಂದಳು. ಆಕೆಯನ್ನೂ ಕೆಟ್ಟವಳೆಂದು ತಿಳಿಯಬೇಡ.

ದೀಪಾವಳಿಗೆ ಬರುವುದೂ ಬಿಡುವುದೂ ನಿಮ್ಮಿಬ್ಬರಿಗೆ ಸೇರಿದ್ದು. ಬಂದರೆ ಕರಿಗಡಬು ಮಾಡುತ್ತೇನೆ. ಬರದಿದ್ದರೆ ಒಂದು ಫೋನು ಮಾಡು. ಈ ಸಲ ಇಟ್ಟುಬಿಡುವುದಿಲ್ಲ.

ನಿನ್ನನ್ನು ಹಡೆದವಳು, ಇನ್ನೂ ನಿನ್ನ ಅವ್ವನೇ ಆಗಿರುವ,
ಮಂಗಲ

ತಾ.ಕ.: ಉತ್ತರವನ್ನು 302ಕ್ಕೆ ಬರೆಯಬೇಡ, 402ಕ್ಕೆ ಬರೆ. ನಿನ್ನೆ ಸೋಮವಾರ ಸಾಂಗಲಿಯ ಕಚೇರಿಯಲ್ಲಿ ನಮ್ಮ ಮದುವೆಯ ನೋಂದಣಿಯಾಯಿತು. ನೀನು ಫೋನು ಮಾಡಿದ ಮರುದಿನ. ಅರ್ಜಿ ಕೊಟ್ಟು ಆಗಲೇ ತಿಂಗಳಾಗಿತ್ತು. ಮುಂಚೆ ಹೇಳಿದ್ದರೆ ನೀನು ನನಗೂ ಮಹಾಂತನಿಗೂ ನಡುವೆ ನಿಂತು ಬೇಯುತ್ತಿದ್ದೆ. ಈಗ ಅವನು ಕೇಳಿದರೆ, ನನಗೆ ಗೊತ್ತಿರಲಿಲ್ಲ ಎಂದು ನೀನು ನಿಜವನ್ನೇ ಹೇಳಬಹುದು. ಸಾಕ್ಷಿಗೆ ಬಾಳಾಸಾಹೇಬರ ಮಗಳು ಕರಿಷ್ಮಾ ಮತ್ತು ಅವರ ಜೊತೆ ಬಸ್ಸಿನಲ್ಲಿದ್ದ ಡ್ರೈವರ್ ಭೀಮರಾಯ ಬಂದಿದ್ದರು. ಮೂರು ಸಾಕ್ಷಿ ಬೇಕಿತ್ತು, ಮೂರನೆಯವರು ಯಾರೂ ಸಿಕ್ಕಿರಲಿಲ್ಲ. ಹೊರಡುವ ಹೊತ್ತಿಗೆ ನಿನ್ನ ಆಯಿ ಒಂದು ಚೀಲ ಹಿಡಿದು ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಯಾರು ಹೇಳಿದರೋ ತಿಳಿಯದು, ಆಕೆಯೂ ಹೇಳಲಿಲ್ಲ. ಸಾಂಗಲಿಯವರೆಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೇ ನೋಡುತ್ತ ಬಂದಳು. ಹೆಬ್ಬೆರಳು ಒತ್ತು ಅಂದಾಗ ಒತ್ತಿದಳು. ಸಂಜೆ 402ಕ್ಕೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಳು. ಊಟ ಒಲ್ಲೆ ಅಂದಳು. ಬಾಳಾಸಾಹೇಬರು ತಾವೇ ಚಹಾ ಮಾಡಿ ತಂದು ಮುಂದಿಟ್ಟರು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಕಪ್ಪಿನಿಂದ ಬಸಿಗೆ ಸುರಿದು ಒಂದು ಗುಟುಕು ಕುಡಿದು, "ಸಕ್ರಿ ಕಡಿಮಿ ಆಗೇತಿ," ಅಂದಳು. ಅವರು ಒಳಗೆ ಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದು ಆಕೆಯ ಕೈಗೆ ಕೊಟ್ಟರು.